ಎರಡನೇ ಪ್ರತಿ

"ಆ ದಿನ ಬೆಳಿಗ್ಗೆ ನೀವು ಹಾಕಿಕೊಂಡಿದ್ದ ಕನ್ನಡಕ ಯಾರದಮ್ಮ?"

ಸರ್ಕಾರಿ ವಕೀಲರು ಈ ಪ್ರಶ್ನೆಯನ್ನು ಎಷ್ಟು ಮೆತ್ತಗೆ ಕೇಳಿದರೆಂದರೆ, ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಟೈಲರಮ್ಮನಿಗೆ ಅದು ಕ್ಷೇಮಸಮಾಚಾರ ವಿಚಾರಿಸಿದ ಹಾಗೆಯೇ ಕೇಳಿಸಿತು. ಆಕೆ ಮೂಗಿನ ಮೇಲಿದ್ದ ಕನ್ನಡಕವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಕೆಳಗೆ ಕೂತಿದ್ದ ತಮ್ಮ ಕಡೆಯ ವಕೀಲೆಯತ್ತ ತಿರುಗಿದರು.

ವಕೀಲೆ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

ಕೋರ್ಟಿನ ಆವರಣದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪಾಯಿಂಟಮ್ಮ ಅಂತ. ದೊಡ್ಡವರು ಎಂದೇ ಎಲ್ಲರೂ ಕರೆಯುವ ಹಿರಿಯ ವಕೀಲರ ಆಫೀಸಿನಲ್ಲಿ ಹನ್ನೊಂದು ವರ್ಷ ಜೂನಿಯರ್ ಆಗಿದ್ದಾಗ, ಯಾವ ಫೈಲು ಕೈಗೆ ಕೊಟ್ಟರೂ ಹತ್ತು ನಿಮಿಷದಲ್ಲಿ "ಸರ್, ಇಲ್ಲೊಂದು ಪಾಯಿಂಟ್ ಇದೆ" ಎಂದು ಎದ್ದು ನಿಲ್ಲುತ್ತಿದ್ದುದರಿಂದ ದೊಡ್ಡವರೇ ಇಟ್ಟ ಹೆಸರು. ಅಲ್ಲಿಂದ ಹೊರಬಿದ್ದು ಸ್ವಂತ ಆಫೀಸು ತೆರೆದು ನಾಲ್ಕು ತಿಂಗಳಾಗಿತ್ತು. ಸ್ವಂತ ಬೋರ್ಡಿನ ಕೆಳಗೆ ಬಂದ ಮೊದಲ ದೊಡ್ಡ ಕೇಸು ಇದು. ಆರು ಮಹಡಿಯ ಕಟ್ಟಡದಲ್ಲಿ ಲಿಫ್ಟು ಬಿದ್ದು ಒಬ್ಬ ದಂತವೈದ್ಯರು ಸತ್ತಿದ್ದರು, ಲಿಫ್ಟ್ ಮೆಕ್ಯಾನಿಕ್ ಜೈಲಿನಲ್ಲಿದ್ದ. ಅವತ್ತು ತಾರಸಿಯ ಮೇಲಿದ್ದ ಲಿಫ್ಟಿನ ಮೆಷಿನ್ ರೂಮಿಗೆ ಹತ್ತಿಹೋದವನು ಅವನಲ್ಲ, ಬೇರೆ ಯಾರೋ ಎಂದು ಹೇಳಬಲ್ಲವರು ಆರನೇ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಈ ಟೈಲರಮ್ಮ ಒಬ್ಬರೇ.

"ನನ್ನ ತಂಗಿದು," ಅಂದರು ಟೈಲರಮ್ಮ.

"ನಿಮ್ಮದು?"

"ಒಡೆದು ಹೋಗಿತ್ತು. ರಿಪೇರಿಗೆ ಕೊಟ್ಟಿದ್ದೆ."

"ತಂಗಿಯ ಕನ್ನಡಕದಲ್ಲಿ ನಿಮಗೆ ದೂರದ್ದು ಕಾಣ್ತಿತ್ತಾ?"

ಟೈಲರಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಹತ್ತಿರದ್ದು ಕಾಣ್ತಿತ್ತು, ದೂರದ್ದು ಸ್ವಲ್ಪ ಮಂಜು ಮಂಜು ಅಂದುಬಿಟ್ಟರು. ಜಡ್ಜರ ಪೆನ್ನು ಕಾಗದದ ಮೇಲೆ ಓಡಿತು. ಸರ್ಕಾರಿ ವಕೀಲರು ಇನ್ನೊಂದು ಮಾತೂ ಆಡದೆ ಕೂತುಬಿಟ್ಟರು. ಅಷ್ಟು ಸಾಕಾಗಿತ್ತು. ಪಾಯಿಂಟಮ್ಮ ಎದ್ದು ಮರುವಿಚಾರಣೆಗೆ ಸಮಯ ಕೇಳಿದಳು. ನಾಳೆ ಹನ್ನೊಂದಕ್ಕೆ ಅಂದರು ಜಡ್ಜರು.

ಅವಳ ತಲೆ ಒಂದೇ ಕಡೆ ಕೊರೆಯುತ್ತಿತ್ತು. ಈ ಕನ್ನಡಕದ ವಿಷಯ ಇವರಿಗೆ ಹೇಗೆ ಗೊತ್ತಾಯಿತು?

ಟೈಲರಮ್ಮ ಅದನ್ನು ಹೇಳಿದ್ದು ಒಂದೇ ಒಂದು ಸಲ, ಹನ್ನೆರಡು ದಿನಗಳ ಹಿಂದೆ, ಪಾಯಿಂಟಮ್ಮನ ಆಫೀಸಿನಲ್ಲಿ, ಅದೂ ನಗುತ್ತ. ತಂಗಿಯ ಕನ್ನಡಕ ಹಾಕಿಕೊಂಡು ಒಬ್ಬರ ಪ್ಯಾಂಟಿಗೆ ಎರಡೂ ಕಾಲು ಒಂದೇ ಕಡೆ ಹೊಲಿದುಬಿಟ್ಟಿದ್ದೆ ಎಂದು ಹೇಳಿಕೊಂಡು ನಕ್ಕಿದ್ದರು. ಪೊಲೀಸರ ಕಾಗದದಲ್ಲಿ ಅದಿಲ್ಲ. ಕೋರ್ಟಿಗೆ ಕೊಟ್ಟ ಯಾವ ಅರ್ಜಿಯಲ್ಲೂ ಇಲ್ಲ. ಪಾಯಿಂಟಮ್ಮ ತನಗೋಸ್ಕರ ಮಾಡಿಸಿಟ್ಟುಕೊಂಡ ಟಿಪ್ಪಣಿಯಲ್ಲಿ ಮಾತ್ರ ಒಂದು ಸಾಲು ಇತ್ತು. ಅದರ ಪ್ರತಿ ಒಂದೇ. ಅದು ಬೀರುವಿನಲ್ಲಿತ್ತು.

ಇನ್ನೊಂದು ಸಂಗತಿಯೂ ಅವಳ ಕಣ್ಣಿಗೆ ಬಿದ್ದಿತ್ತು. ಆ ಪ್ರಶ್ನೆ ಕೇಳುವ ಮುಂಚೆ, ಹಿಂದಿನ ಬೆಂಚಿನಿಂದ ಸರ್ಕಾರಿ ವಕೀಲರ ಕೈಗೆ ಮಡಚಿದ ಚೀಟಿಯೊಂದು ಬಂದಿತ್ತು. ಅವರು ಓದಿ, ಮೇಜಿನ ಮೇಲೆ ಬಿಸಾಕಿ, ಎದ್ದು ನಿಂತಿದ್ದರು.

ಊಟದ ಹೊತ್ತಿಗೆ ಕೋರ್ಟ್ ಹಾಲು ಖಾಲಿಯಾಯಿತು. ಪಾಯಿಂಟಮ್ಮ ತನ್ನ ಪುಸ್ತಕಗಳನ್ನು ಜೋಡಿಸಿಕೊಳ್ಳುವ ನೆಪದಲ್ಲಿ ಕೊನೆಯವರೆಗೂ ನಿಂತಳು. ಚೀಟಿ ಮೇಜಿನಿಂದ ಜಾರಿ ಕುರ್ಚಿಯ ಕೆಳಗೆ ಬಿದ್ದಿತ್ತು. ಎತ್ತಿಕೊಂಡಳು. "ಕನ್ನಡಕ ತಂಗಿಯದು. ಕೇಳಿ." ಅಷ್ಟೇ. ಅಕ್ಷರ ಯಾರದೋ ಗೊತ್ತಾಗಲಿಲ್ಲ.

ಕಾಗದ ಮಾತ್ರ ಗೊತ್ತಾಯಿತು.

ತೆಳು ಹಳದಿ ಬಣ್ಣ. ಒಂದು ಹಾಳೆಯನ್ನು ನಾಲ್ಕು ಮಾಡಿದ ಅಳತೆ. ಸ್ಕೇಲು ಇಟ್ಟು ಬ್ಲೇಡಿನಲ್ಲಿ ಎಳೆದು ಕತ್ತರಿಸಿದ್ದು. ಅಂಚು ಕೂದಲೆಳೆಯಷ್ಟೂ ಸೊಟ್ಟಗಿಲ್ಲ. ಜೂನಿಯರ್ ಆಗಿ ಸೇರಿದ ಮೊದಲ ವರ್ಷ ಇಂಥ ಸಾವಿರಾರು ಚೀಟಿಗಳನ್ನು ಅವಳೇ ಕತ್ತರಿಸಿದ್ದಳು. ಕೈಯಿಂದ ಹರಿದ ಕಾಗದ ಕಂಡರೆ ದೊಡ್ಡವರಿಗೆ ಆಗುತ್ತಿರಲಿಲ್ಲ.

ಹಳದಿ ಕಾಗದ ಯಾವ ಅಂಗಡಿಯಲ್ಲಾದರೂ ಸಿಗುತ್ತೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮೆಟ್ಟಿಲಿಳಿಯುವಾಗ ಅದನ್ನೇ ಇನ್ನೊಂದು ಸಲ ಹೇಳಿಕೊಂಡಳು.

*

ಅವಳ ಆಫೀಸು ಕೋರ್ಟಿನ ಹಿಂಬದಿಯ ರಸ್ತೆಯಲ್ಲಿ, ಮೂರನೇ ಮಹಡಿಯಲ್ಲಿ. ಒಂದೇ ರೂಮು. ಬಾಗಿಲು ತೆಗೆದರೆ ಎದುರಿಗೆ ಟೈಪಿಸ್ಟ್ ಅಕ್ಕನ ಮೇಜು, ಅದರ ಪಕ್ಕ ಪ್ರಿಂಟರು, ಕಿಟಕಿಯ ಹತ್ತಿರ ಅವಳ ಮೇಜು, ಗೋಡೆಗೆ ಕಬ್ಬಿಣದ ಬೀರು. ಕಕ್ಷಿದಾರರಿಗೆಂದು ಮೂರು ಕುರ್ಚಿ. ಮೊದಲ ಎರಡು ವಾರ ಆ ಮೂರೂ ಖಾಲಿ ಹೊಡೆಯುತ್ತಿದ್ದಾಗ, ಯಾರಾದರೂ ಇಣುಕಿದರೆ ಚೆನ್ನಾಗಿ ಕಾಣಲಿ ಎಂದು ಅವಳು ಖಾಲಿ ಫೈಲುಗಳಿಗೆ ದಾರ ಕಟ್ಟಿ ಬೀರುವಿನಲ್ಲಿ ಜೋಡಿಸಿದ್ದಳು. ಅಕ್ಕ ಅವಕ್ಕೆ ನಂಬರು ಬರೆದು ಅಂಟಿಸಿದ್ದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಕ್ಕ ಊಟಕ್ಕೆ ಹೋಗಿದ್ದರು. ಪಾಯಿಂಟಮ್ಮ ಬಾಗಿಲು ಹಾಕಿಕೊಂಡು ಕೂತಳು.

ಟೈಲರಮ್ಮ ಕನ್ನಡಕದ ವಿಷಯ ಹೇಳಿದಾಗ ರೂಮಿನಲ್ಲಿ ಯಾರಿದ್ದರು? ತಾನು. ಟೈಲರಮ್ಮ. ಕಂಪ್ಯೂಟರಿನ ಮುಂದೆ ಅಕ್ಕ. ಏಣಿಯ ಮೇಲೆ ಅಣ್ಣ.

ಅಣ್ಣ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ತಂಗಿಯ ಆಫೀಸಿನ ವೈರಿಂಗು ಪೂರ್ತಿ ಅವನದೇ. ಅವತ್ತು ಮಿಣುಕುತ್ತಿದ್ದ ಟ್ಯೂಬ್‌ಲೈಟು ಬದಲಾಯಿಸಲು ಬಂದಿದ್ದ. ಅವನ ಹೆಸರು ಮನಸ್ಸಿಗೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಟೈಲರಮ್ಮ ಬಾಯಿ ಸಡಿಲ ಬಿಟ್ಟಿರಬಹುದು. ಆದರೆ ಆಕೆಯ ತಂಗಿ ಇರುವುದು ಬೇರೆ ಊರಿನಲ್ಲಿ, ಅಂಗಡಿಗೆ ಬರುವವರ ಹತ್ತಿರ ಆಕೆ ಆಡುವುದು ತೋಳು, ಕತ್ತಿನ ಅಳತೆಯ ಮಾತು ಮಾತ್ರ.

ಉಳಿದವರು ಒಬ್ಬರು. ಆ ಒಬ್ಬರ ಕಡೆ ಅವಳ ಮನಸ್ಸು ಹೋಗಲೊಲ್ಲದು. ದೊಡ್ಡವರ ಆಫೀಸಿಗೆ ಸೇರಿದ ದಿನ ವಕಾಲತ್ತು ಬರೆಯುವುದು ಹೇಗೆಂದು ಅವಳಿಗೆ ಹೇಳಿಕೊಟ್ಟವರು ಅಕ್ಕ. ಸ್ವಂತ ಆಫೀಸು ಮಾಡ್ತೀನಿ ಅಂದಾಗ, ಇಪ್ಪತ್ತು ವರ್ಷದ ಕೆಲಸ ಬಿಟ್ಟು ಜೊತೆಗೆ ಬಂದವರೂ ಅಕ್ಕನೇ.

ಬೀರುವಿನ ಬೀಗ ನೋಡಿದಳು. ಸರಿಯಾಗಿಯೇ ಇತ್ತು. ಫೈಲು ತೆಗೆದಳು. ಟಿಪ್ಪಣಿ ಅದರ ಜಾಗದಲ್ಲೇ ಇತ್ತು. ಆಮೇಲೆ ಅವಳ ಕಣ್ಣು ಪ್ರಿಂಟರಿನ ಮೇಲೆ ಬಿತ್ತು.

ಅದು ಸೆಕೆಂಡ್‌ ಹ್ಯಾಂಡ್ ಪ್ರಿಂಟರು. ಇಂಕು ತುಂಬಲು ಬಂದ ರಿಪೇರಿಯವನು ಹೋದ ಸಲ ಒಂದು ಗುಂಡಿಯನ್ನು ಒತ್ತಿ ಹಿಡಿದು, ಇದುವರೆಗೆ ಎಷ್ಟು ಹಾಳೆ ಹೊಡೆದಿದೆ ಎಂದು ಪ್ರಿಂಟರೇ ಹೇಳುವ ಕಾಗದವೊಂದನ್ನು ತೆಗೆದು ತೋರಿಸಿದ್ದ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ತಾರೀಕಿನ ಸಮೇತ ಬರೆದು ಪ್ರಿಂಟರಿನ ಪಕ್ಕಕ್ಕೆ ಅಂಟಿಸಿ ಹೋಗಿದ್ದ. ಟಿಪ್ಪಣಿ ಟೈಪು ಮಾಡಿಸಿದ್ದು ಅದರ ಮಾರನೇ ದಿನ.

ಅವಳು ಗುಂಡಿ ಒತ್ತಿದಳು. ಪ್ರಿಂಟರು ಗೊಣಗಿಕೊಂಡು ಒಂದು ಹಾಳೆ ಹೊರಹಾಕಿತು.

ಆ ದಿನದಿಂದ ಇಲ್ಲಿಯವರೆಗೆ ಆಫೀಸಿನಲ್ಲಿ ಏನೇನು ಪ್ರಿಂಟಾಗಿದೆ ಎಂಬುದು ಅವಳ ಪುಸ್ತಕದಲ್ಲಿ ಸಾಲುಸಾಲಾಗಿ ಇತ್ತು. ಹೊಸ ಆಫೀಸಿನ ಹುರುಪಿನಲ್ಲಿ ಮಾಡಿಕೊಂಡಿದ್ದ ಅಭ್ಯಾಸ ಅದು. ಒಂದು ಕಾಗದಕ್ಕೆ ಒಂದೇ ಪ್ರಿಂಟು, ಕೋರ್ಟಿಗೆ ಬೇಕಾದ ಹೆಚ್ಚಿನ ಪ್ರತಿಗಳು ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ. ಕೂಡಿಸಿದಳು. ಇನ್ನೂರ ಹನ್ನೆರಡು ಹಾಳೆ ಬಂತು.

ಪ್ರಿಂಟರಿನ ಲೆಕ್ಕದಿಂದ ಚೀಟಿಯಲ್ಲಿದ್ದ ಸಂಖ್ಯೆಯನ್ನು ಕಳೆದರೆ ನಾನೂರ ಇಪ್ಪತ್ತನಾಲ್ಕು.

ಮತ್ತೆ ಕೂಡಿಸಿದಳು. ಒಂದು ಹಾಳೆ ಹೆಚ್ಚಿಲ್ಲ, ಒಂದು ಹಾಳೆ ಕಮ್ಮಿಯಿಲ್ಲ. ಸರಿಯಾಗಿ ಎರಡರಷ್ಟು. ಟೈಪಿನಲ್ಲಿ ಒಂದು ಅಕ್ಷರವೂ ತಪ್ಪದ ಅಕ್ಕನ ಕೆಲಸ ಇದರಲ್ಲೂ ಅಚ್ಚುಕಟ್ಟಾಗಿತ್ತು.

*

ಅಕ್ಕ ಬಂದಾಗ ಪಾಯಿಂಟಮ್ಮ ಏನೂ ಕೇಳಲಿಲ್ಲ. ಪ್ರಿಂಟರಿನ ಹಾಳೆಯನ್ನೂ ತನ್ನ ಪುಸ್ತಕವನ್ನೂ ಅಕ್ಕನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು.

ಅಕ್ಕ ಕೈಚೀಲ ಕೆಳಗಿಡದೆ ಎರಡನ್ನೂ ಓದಿದರು. ಕಕ್ಷಿದಾರರ ಎದುರಿಗೆ ಅವರು ಅವಳನ್ನು ನೀವು ಅನ್ನುತ್ತಿದ್ದರು, ಇಬ್ಬರೇ ಇದ್ದಾಗ ನೀನು. ಈಗ ಇಬ್ಬರೇ ಇದ್ದರೂ ಬಾಯಿಗೆ ಯಾವುದು ಬರಬೇಕೋ ತಿಳಿಯದೆ ತಡವರಿಸಿದರು.

"ದೊಡ್ಡವರಿಗೆ ಕೊಟ್ಟೆ," ಅಂದರು ಕೊನೆಗೆ. "ಬೇರೆ ಯಾರಿಗೂ ಅಲ್ಲ."

ಆಮೇಲೆ ಎಲ್ಲವನ್ನೂ ಹೇಳಿದರು. ಪಾಯಿಂಟಮ್ಮ ಆಫೀಸು ಬಿಟ್ಟ ದಿನ ದೊಡ್ಡವರು ಅಕ್ಕನನ್ನು ಒಳಗೆ ಕರೆದು, ನೀನೂ ಅವಳ ಜೊತೆ ಹೋಗು ಅಂದಿದ್ದರಂತೆ. ಹುಡುಗಿ ಒಬ್ಬಳೇ ಈಜೋಕೆ ಹೊರಟಿದಾಳೆ, ದಡದಲ್ಲಿ ಯಾರಾದರೂ ನಿಂತಿರಬೇಕಲ್ಲ, ಅವಳು ಬರೆಯೋದನ್ನೆಲ್ಲ ಒಂದೊಂದು ಪ್ರತಿ ನನಗೆ ತಂದುಕೊಡು, ಎಲ್ಲಾದರೂ ಎಡವಿದ್ದು ಕಂಡರೆ ಮೆಲ್ಲಗೆ ತಿದ್ದುತ್ತೀನಿ, ಅವಳಿಗೆ ಗೊತ್ತಾಗೋದು ಬೇಡ, ಮನಸ್ಸಿಗೆ ಹಚ್ಚಿಕೊಳ್ತಾಳೆ. ಅಕ್ಕನಿಗೆ ಅದು ತಂದೆಯ ಮಾತಿನ ಹಾಗೆ ಕೇಳಿಸಿತ್ತು. ದಿನಾ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಲಕೋಟೆ ಕೊಟ್ಟು ಹೋಗುತ್ತಿದ್ದರು. ನಿನ್ನ ಬೆನ್ನಿಗೆ ಅಷ್ಟು ದೊಡ್ಡ ಮನುಷ್ಯರು ಇದ್ದಾರಲ್ಲ ಅಂತ ನನಗೆ ಧೈರ್ಯವಾಗಿತ್ತು ಅಂದರು.

"ಅಂದ್ರೆ ನೀವು ನನ್ನ ಜೊತೆ ಬಂದದ್ದು ನನಗೋಸ್ಕರ ಅಲ್ಲ," ಅಂದಳು ಪಾಯಿಂಟಮ್ಮ.

ಕೋರ್ಟಿನಲ್ಲಿ ಇವತ್ತು ಏನಾಯಿತೆಂದು ಪಾಯಿಂಟಮ್ಮ ಎರಡೇ ಮಾತಿನಲ್ಲಿ ಹೇಳಿದಳು. ಅಕ್ಕ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ಅವರ ಮುಖ ನೋಡಿದರೆ, ಮೋಸ ಹೋದವರ ಸಾಲಿನಲ್ಲಿ ತಾನೂ ನಿಂತಿದ್ದೇನೆ ಎಂಬುದು ಅವರಿಗೆ ಆಗಷ್ಟೇ ಹೊಳೆದ ಹಾಗಿತ್ತು. ಆದರೂ ಪಾಯಿಂಟಮ್ಮನಿಗೆ ಕನಿಕರ ಬರಲಿಲ್ಲ. ಬೈಯುವುದಕ್ಕೂ ಆಗಲಿಲ್ಲ.

ಆಫೀಸಿನ ಕೀಲಿಕೈ ಕೇಳಿದಳು. ಅಕ್ಕ ಗೊಂಚಲಿನಿಂದ ಅದನ್ನು ಬಿಡಿಸಲು ಹೋದರು. ಉಗುರು ಜಾರಿತು, ಮತ್ತೆ ಪ್ರಯತ್ನಿಸಿದರು. ಬಿಡಿಸಿ ಮೇಜಿನ ಮೇಲಿಟ್ಟು, "ನಾಳೆ ಬರಲಾ?" ಎಂದು ಕೇಳಿದರು.

ಪಾಯಿಂಟಮ್ಮ ಕೀಲಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು. ಅಕ್ಕ ಹೊರಟುಹೋದರು.

*

ದೊಡ್ಡವರ ಆಫೀಸಿಗೆ ಅವಳು ಹೋದಾಗ ನಾಲ್ಕು ಗಂಟೆ. ಹೊರಗಿನ ಹಾಲಿನಲ್ಲಿ ಇಬ್ಬರು ಹೊಸ ಜೂನಿಯರುಗಳು ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದರು. ಒಬ್ಬಳ ಮುಂದೆ ಸ್ಕೇಲು, ಬ್ಲೇಡು, ಹಳದಿ ಹಾಳೆಗಳ ಕಟ್ಟು. ಪಾಯಿಂಟಮ್ಮ ಯಾರನ್ನೂ ಕೇಳದೆ ಒಳಗೆ ಹೋದಳು.

ದೊಡ್ಡವರು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಬಿಳಿ ಹುಬ್ಬು, ಬಿಳಿ ಅಂಗಿ, ಧೂಳಿನ ಒಂದು ಕಣವೂ ಇಲ್ಲದ ಮೇಜು.

"ಬಾ ಪಾಯಿಂಟು. ಕೂತ್ಕೋ."

ಅವಳು ಕೂರಲಿಲ್ಲ. ಹಳದಿ ಚೀಟಿಯನ್ನೂ ಪ್ರಿಂಟರಿನ ಹಾಳೆಯನ್ನೂ ಅವರ ಮುಂದಿಟ್ಟಳು. ಅವರು ನಿಧಾನವಾಗಿ ನೋಡಿದರು. ಪ್ರಿಂಟರಿನ ಲೆಕ್ಕದ ಹತ್ತಿರ ಬಂದಾಗ ಅವರ ಹುಬ್ಬು ಮೇಲಕ್ಕೆ ಹೋಯಿತು.

"ಇದು ಒಳ್ಳೇ ಪಾಯಿಂಟು," ಅಂದರು. ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಹನ್ನೊಂದು ವರ್ಷ ಅವಳು ಯಾವ ದನಿಗೋಸ್ಕರ ಕಷ್ಟಪಟ್ಟಿದ್ದಳೋ, ಅದೇ ದನಿ. ಅದನ್ನು ಕೇಳಿ ಅವಳಿಗೆ ಅಳು ಬಂತು. ನುಂಗಿಕೊಂಡಳು.

"ಲಿಫ್ಟು ಬಿದ್ದ ಕಟ್ಟಡದ ಮಾಲೀಕರು ನಿಮ್ಮ ಕಕ್ಷಿದಾರರಾ ಸರ್?"

"ನೀನು ಹುಟ್ಟೋಕೆ ಮುಂಚಿಂದ."

"ಅವರ ಒಂದು ಫೈಲೂ ನಾನು ಇಲ್ಲಿ ನೋಡಲಿಲ್ಲ."

"ಎಲ್ಲಾ ಫೈಲೂ ಜೂನಿಯರ್ ಕೈಗೆ ಕೊಡ್ತಾರಾ?"

"ಅಕ್ಕನಿಗೆ ಸುಳ್ಳು ಹೇಳಿದ್ರಿ."

"ಅರ್ಧ ನಿಜ ಹೇಳಿದೆ. ದಡದಲ್ಲಿ ನಿಂತದ್ದು ಹೌದು. ನೀನು ಮುಳುಗಬಾರದು ಅಂತಲೇ ನಿಂತೆ."

"ಇವತ್ತು ಮುಳುಗಿಸಿದ್ದು ನೀವೇ."

ದೊಡ್ಡವರು ಮೇಜಿನ ಕೆಳಗಿನ ಡ್ರಾಯರಿಗೆ ಕೀಲಿ ಹಾಕಿ ತಿರುಗಿಸಿ, ಪ್ಲಾಸ್ಟಿಕ್ ಕವರಿನೊಳಗಿದ್ದ ಒಂದು ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟರು.

ಅದನ್ನು ಕಂಡಕೂಡಲೇ ಅವಳಿಗೆ ಅದೇನೆಂದು ತಿಳಿಯಿತು. ಎರಡು ತಿಂಗಳಿಂದ ಅವಳು ಹುಡುಕುತ್ತಿದ್ದುದು ಇದನ್ನೇ. ಮೆಷಿನ್ ರೂಮಿನ ಬಾಗಿಲಿಗೆ ಒಂದು ರಿಜಿಸ್ಟರು ತೂಗುಹಾಕಿರುತ್ತದೆ. ಒಳಗೆ ಯಾರು ಹೋದರೂ ಸಮಯ, ಕೆಲಸ ಬರೆದು ಸಹಿ ಮಾಡಬೇಕು. ದಂತವೈದ್ಯರು ಸತ್ತ ದಿನದ ಹಾಳೆ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ತನ್ನ ತಪ್ಪು ಮುಚ್ಚಿಕೊಳ್ಳಲು ಮೆಕ್ಯಾನಿಕ್ಕೇ ಹರಿದು ಹಾಕಿದ್ದಾನೆ ಎಂದು ಪೊಲೀಸರು ಹೇಳುತ್ತಿದ್ದರು. ರಿಜಿಸ್ಟರಿನಲ್ಲಿ ಉಳಿದ ಹರಕು ಅಂಚಿನ ಫೋಟೋವನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ, ಅದರ ಏರಿಳಿತ ಕಣ್ಣು ಮುಚ್ಚಿಕೊಂಡು ಬರೆಯಬಲ್ಲಳು. ಈ ಹಾಳೆಯ ಅಂಚು ಅದಕ್ಕೆ ತಾಳೆಯಾಗುತ್ತಿತ್ತು. ಪುಟದ ನಂಬರಿನ ಅರ್ಧ ಅಲ್ಲಿತ್ತು, ಉಳಿದರ್ಧ ಇಲ್ಲಿತ್ತು.

ಓದಿದಳು. ಬೆಳಿಗ್ಗೆ ಒಂಬತ್ತೂವರೆ. ಮಾಲೀಕರ ಸೂಚನೆಯ ಮೇರೆಗೆ ಬ್ರೇಕಿನ ತಂತಿಯನ್ನು ತಾತ್ಕಾಲಿಕವಾಗಿ ಜೋಡಿಸಲಾಗಿದೆ. ಕೆಳಗೆ ಸಹಿ.

ಸಹಿಯ ಬಾಲ ಬಲಕ್ಕೆ ಹರಿದು, ಹಿಂದಕ್ಕೆ ಹೊರಳಿ, ಎರಡು ಚುಕ್ಕೆಯಲ್ಲಿ ನಿಂತಿತ್ತು.

ಅಪ್ಪ ತೀರಿಕೊಂಡಾಗ ಅವಳು ನಾಲ್ಕನೇ ತರಗತಿ. ಅಲ್ಲಿಂದ ಮುಂದೆ ಅವಳ ಪ್ರೋಗ್ರೆಸ್ ಕಾರ್ಡುಗಳ ಮೇಲೆ ಪೋಷಕರ ಸಹಿಯ ಜಾಗದಲ್ಲಿ ಇದ್ದದ್ದು ಈ ಬಾಲ, ಈ ಎರಡು ಚುಕ್ಕೆ.

"ಮಾಲೀಕರು ಇದನ್ನ ಹರ್ಕೊಂಡು ಬಂದು ಸುಟ್ಟುಹಾಕಿ ಅಂದ್ರು," ಅಂದರು ದೊಡ್ಡವರು. "ತಮ್ಮ ಸೂಚನೆ ಅಂತ ಬರೆದಿದೆಯಲ್ಲ, ಅವರಿಗೆ ಅದರ ಭಯ. ನಾನು ಕಾಗದ ಸುಡೋ ವಕೀಲ ಅಲ್ಲ. ಇಟ್ಕೊಂಡೆ. ಸಹಿ ಯಾರದು ಅಂತ ವಿಚಾರಿಸಿದಾಗ ನಿನ್ನ ಅಣ್ಣ ಅಂತ ತಿಳೀತು. ಅಷ್ಟರಲ್ಲಿ ನೀನು ಕೇಸು ತಗೊಂಡಿದ್ದೆ."

ಪಾಯಿಂಟಮ್ಮ ಆ ಸಹಿಯನ್ನು ಬೆರಳಿನಿಂದ ಮುಚ್ಚಿದಳು.

"ನಿನ್ನ ಸಾಕ್ಷಿಯನ್ನ ಜಡ್ಜ್ ನಂಬಿದ್ರೆ, ಮೇಲೆ ಹೋದವನು ಯಾರು ಅಂತ ಪೊಲೀಸರು ಹುಡುಕ್ತಾರೆ. ಹುಡುಕಿದ್ರೆ ಸಿಗೋದು ನಿಮ್ಮನೆ ಬಾಗಿಲು. ಅದಕ್ಕೇ ಸಾಕ್ಷಿ ನಿಲ್ಲಬಾರದಾಗಿತ್ತು."

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಕೇಸು ಬಿಡ್ತಿದ್ದೆ. ಆಗ ಇನ್ನೊಬ್ಬ ವಕೀಲ ಬರ್ತಿದ್ದ. ಅವನ ಟಿಪ್ಪಣಿ ನನ್ನ ಮೇಜಿಗೆ ಬರ್ತಿತ್ತಾ?"

ಇಷ್ಟು ಹೊತ್ತು ಅವರ ಮಾತಿನಲ್ಲಿ ಎಲ್ಲೋ ಒಂದು ಕಡೆ ಕಾಳಜಿ ಇರಬಹುದೆಂದು ಅವಳ ಮನಸ್ಸು ಹುಡುಕುತ್ತಲೇ ಇತ್ತು. ಈ ಮಾತಿಗೆ ಅದು ಹುಡುಕುವುದನ್ನು ನಿಲ್ಲಿಸಿತು.

"ಅಂದ್ರೆ ನಾನು ಈ ಕೇಸಲ್ಲಿ ಇದ್ದದ್ದು ನಿಮಗೆ ಅನುಕೂಲವೇ ಆಯ್ತು," ಅಂದಳು.

"ನಿನ್ನ ಮೇಲೆ ನನಗೆ ಪ್ರೀತಿ ಇಲ್ಲ ಅಂದ್ಕೋಬೇಡ."

"ಪ್ರೀತಿ ಇದ್ದದ್ದಕ್ಕೇ ಸರ್ ಇಷ್ಟು ಸಲೀಸಾದದ್ದು."

ಅವಳು ಹಾಳೆಯನ್ನು ಎತ್ತಿಕೊಂಡಳು. ದೊಡ್ಡವರ ಕೈ ತಡೆಯಲೆಂದು ಮುಂದೆ ಬಂತು. ಅರ್ಧ ದಾರಿಯಲ್ಲಿ ಏನು ಯೋಚಿಸಿದರೋ, ಹಿಂದಕ್ಕೆ ಹೋಯಿತು.

"ತಗೊಂಡ್ಹೋಗು. ನಾಳೆ ಹನ್ನೊಂದಕ್ಕೆ ಜಡ್ಜ್ ಮುಂದೆ ಇಡು. ಕೈ ಬರದಿದ್ರೆ ವಾಪಸ್ ಇಲ್ಲಿಗೇ ತಂದುಕೊಡು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ಹಳೇ ಮೇಜಿಗೆ ಇನ್ನೂ ಯಾರನ್ನೂ ಕೂರಿಸಿಲ್ಲ."

ಅವಳು ಅದನ್ನು ಜಡ್ಜರ ಮುಂದೆ ಇಡಲಾರಳು ಎಂದು ಅವರಿಗೆ ಅಷ್ಟು ಖಾತ್ರಿಯಿತ್ತು. ಹನ್ನೊಂದು ವರ್ಷ ಅವಳನ್ನು ಹತ್ತಿರದಿಂದ ಓದಿದ್ದವರು.

*

ಅವಳು ತನ್ನ ಆಫೀಸಿನ ಕಡೆ ನಡೆದಳು. ಅಕ್ಕ ಮಾಡಿದ್ದು ಉರಿಯುತ್ತಿತ್ತು, ದೊಡ್ಡವರು ಮಾಡಿದ್ದು ಕೊರೆಯುತ್ತಿತ್ತು. ಅಣ್ಣ ಮಾಡಿದ್ದಕ್ಕೆ ಅವಳಿಗೆ ಪದವೇ ಸಿಗಲಿಲ್ಲ. ಈ ಕೇಸು ತಂದವನು ಅಣ್ಣ. ಆಫೀಸಿಗೆ ಒಂದು ನೊಣವೂ ಬಾರದ ಆ ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಓಡಿಬಂದು, ನನ್ನ ಗೆಳೆಯ ಒಬ್ಬ ಮೆಕ್ಯಾನಿಕ್ ಇದ್ದಾನೆ, ನಿನ್ನ ಬಿಟ್ಟು ಬೇರೆ ವಕೀಲರೇ ಬೇಡ ಅಂತಿದಾನೆ ಅಂದಿದ್ದ. ಅವತ್ತು ಅವಳಿಗೆ ನೆಲದಿಂದ ಒಂದು ಮೊಳ ಮೇಲೆ ನಡೆದ ಹಾಗಾಗಿತ್ತು. ಯಾರಿಗೋ ತಾನೇ ಬೇಕು, ದೊಡ್ಡವರ ಜೂನಿಯರ್ ಅಂತ ಅಲ್ಲ, ತನ್ನ ಕೆಲಸಕ್ಕಾಗಿ.

ಎರಡು ತಿಂಗಳು ಅಣ್ಣ ಆ ಆಫೀಸಿಗೆ ಬಂದು ಹೋಗಿ ಮಾಡಿದ್ದ. ಸ್ವಿಚ್ಚು ಬದಲಾಯಿಸಿದ್ದ, ಫ್ಯಾನಿನ ಧೂಳು ಒರೆಸಿದ್ದ. ಅವತ್ತು ಮೇಲೆ ಹೋದವನು ಸಿಕ್ಕಿದನಾ ಪುಟ್ಟಿ ಎಂದು ಕೇಳುತ್ತಲೂ ಇದ್ದ.

ಆಫೀಸಿನ ಬಾಗಿಲು ತೆರೆದಿತ್ತು. ಒಳಗೆ ಬೆಳಕಿನ್ನೂ ಚೆನ್ನಾಗಿತ್ತು. ಅಕ್ಕನ ಕುರ್ಚಿಯಲ್ಲಿ ಅಣ್ಣ ಕೂತಿದ್ದ, ತನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ತೆಗೆದಿದ್ದ. ಅವನೆದುರಿಗೆ, ಒಂದು ಮೊಳ ದೂರದಲ್ಲಿ, ಟೈಲರಮ್ಮ. ಬೆಳಗಿನ ಸಾಕ್ಷಿ ಹಾಳಾಯಿತಲ್ಲ ಎಂದು ಕ್ಷಮೆ ಕೇಳಲು ಬಂದವರು, ಸುಮ್ಮನೆ ಕೂರಲಾರದೆ ಅಣ್ಣನ ಅಂಗಿಯ ಕಾಲರು ತಿರುವಿ ನೋಡಿ, ಇದನ್ನು ಹೊಲಿದವನಿಗೆ ಕೈಯಿದೆಯೋ ಕಾಲಿದೆಯೋ ಎಂದು ಬೈಯುತ್ತಿದ್ದರು. ಅಣ್ಣ ನಗುತ್ತಿದ್ದ.

ಪಾಯಿಂಟಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಟೈಲರಮ್ಮನ ಮೂಗಿನ ಮೇಲೆ ಅವರದೇ ಕನ್ನಡಕವಿತ್ತು.

"ಅಮ್ಮ, ಇವರನ್ನ ಮುಂಚೆ ಎಲ್ಲಾದರೂ ನೋಡಿದೀರಾ?"

ಟೈಲರಮ್ಮ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, ಅವತ್ತು ಇಲ್ಲೇ ಏಣಿಯ ಮೇಲಿದ್ದರು, ಬೇರೆ ಎಲ್ಲೂ ಇಲ್ಲವಲ್ಲ ಅಂದರು.

"ಆ ದಿನ ಮೆಷಿನ್ ರೂಮಿಗೆ ಹೋದವರು ಇವರಾ? ಯೋಚನೆ ಮಾಡಿ ಹೇಳಿ."

ಅಣ್ಣನ ನಗು ನಿಂತಿತು. ಟೈಲರಮ್ಮ ಮಾತ್ರ ಯೋಚನೆಗೆ ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

"ಮುಖಕ್ಕೆ ಕನ್ನಡಕ ಬೇಕಮ್ಮ, ಭುಜಕ್ಕೆ ಬೇಡ. ಮೂವತ್ತು ವರ್ಷದಿಂದ ನಾನು ನೋಡ್ತಿರೋದು ಭುಜಾನೇ. ಆ ಮನುಷ್ಯನ ಬಲಭುಜ ಎರಡು ಬೆರಳು ಇಳಿದಿತ್ತು. ಅಂಗಿ ಹೊಲಿದ್ರೆ ಒಳಗೆ ಪಟ್ಟಿ ಕೊಡಬೇಕು, ಅಷ್ಟು. ಇವರದು ಸ್ಕೇಲ್ ಇಟ್ಟ ಹಾಗಿದೆ. ಇವರಲ್ಲ."

ಬೆಳಿಗ್ಗೆ ಸಾಕ್ಷಿಕಟ್ಟೆಯಲ್ಲಿ ಇದನ್ನ ಯಾಕೆ ಹೇಳಲಿಲ್ಲ ಎಂದು ಪಾಯಿಂಟಮ್ಮ ಕೇಳಿದಳು. ಯಾರೂ ಭುಜದ ಬಗ್ಗೆ ಕೇಳಲಿಲ್ಲವಲ್ಲ ಅಂದರು ಟೈಲರಮ್ಮ. ನಾಳೆ ಹತ್ತು ಗಂಟೆಗೇ ಕೋರ್ಟಿಗೆ ಬಂದುಬಿಡಿ ಎಂದು ಅವರನ್ನು ಕಳಿಸಿ, ಅವಳು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಎದೆಯ ಮೇಲಿನ ಭಾರ ಅರ್ಧ ಇಳಿದಿತ್ತು. ದೊಡ್ಡವರು ಸುಳ್ಳು ಹೇಳಿರಬೇಕು. ಸಹಿ ಯಾರೋ ನಕಲು ಮಾಡಿರಬೇಕು.

ಬ್ಯಾಗಿನಿಂದ ಹಾಳೆ ತೆಗೆದು ಅಣ್ಣನ ಮುಂದಿಟ್ಟಳು.

ಇದೇನು ಎಂದು ಅವನು ಕೇಳಲಿಲ್ಲ. "ಎಲ್ಲಿ ಸಿಕ್ತು?" ಎಂದು ಕೇಳಿದ.

ಇಳಿದಿದ್ದ ಭಾರ ಅಷ್ಟೂ ತಿರುಗಿ ಬಂದು ಕೂತಿತು.

"ಸಹಿ ನಂದೇ," ಅಂದ ಅಣ್ಣ. "ಮೇಲೆ ಹೋದವನು ನಾನಲ್ಲ."

ಅವನು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಹೇಳಿದ. ಅವತ್ತು ಮೆಕ್ಯಾನಿಕ್ ಫೋನು ಮಾಡಿ ಬರಹೇಳಿದ್ದ. ಹತ್ತು ಗಂಟೆಗೆ ಇವನು ಹೋದಾಗ ಅವನು ಕಟ್ಟಡದ ಕೆಳಗೆ ರಿಜಿಸ್ಟರು ಹಿಡಿದುಕೊಂಡು ನಿಂತಿದ್ದ. ಮಾಲೀಕರ ಮಾತಿನ ಮೇಲೆ ಲೈಸೆನ್ಸ್ ಇಲ್ಲದ ಒಬ್ಬರು ಮೇಲೆ ಹೋಗಿ ತಂತಿ ಜೋಡಿಸಿ ಬಂದಿದ್ದಾರೆ, ನಿನಗೆ ಲೈಸೆನ್ಸ್ ಇದೆ, ಒಂಬತ್ತೂವರೆ ಅಂತ ಬರೆದು ಸಹಿ ಹಾಕಿಬಿಡು ಅಂದ. ಇಪ್ಪತ್ತು ವರ್ಷದ ಗೆಳೆಯ. ಇವನು ಹಾಕಿದ. ಅರ್ಧ ಗಂಟೆಗೆ ಲಿಫ್ಟು ಬಿತ್ತು.

"ಮೇಲೆ ಹೋದದ್ದು ಯಾರು?"

"ಅವನು ಹೇಳಲಿಲ್ಲ. ಎಷ್ಟು ಸಲ ಕೇಳಿದ್ರೂ ಹೇಳಿಲ್ಲ."

ಪಾಯಿಂಟಮ್ಮ ಕುರ್ಚಿ ಎಳೆದುಕೊಂಡು ಕೂತಳು. ಅವತ್ತು ತಾನು ಹನ್ನೊಂದು ಗಂಟೆಯ ಮೇಲೆ ಅಲ್ಲಿಗೆ ಹೋದದ್ದು, ರಿಜಿಸ್ಟರು ಮುಟ್ಟಿಯೇ ಇಲ್ಲ ಎಂದು ಮೆಕ್ಯಾನಿಕ್ ಅವಳೆದುರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದ. ಅದನ್ನು ಪ್ರಮಾಣಪತ್ರವಾಗಿ ಬರೆದು, ಕೆಳಗೆ ತನ್ನ ಹೆಸರೂ ಹಾಕಿ, ಕೋರ್ಟಿಗೆ ಕೊಟ್ಟವಳು ಅವಳೇ. ಅವನು ನಿರಪರಾಧಿ ಎಂಬ ಒಂದೇ ನಂಬಿಕೆಯ ಮೇಲೆ ಈ ಎರಡು ತಿಂಗಳೂ ನಿಂತಿದ್ದವು.

"ಅಣ್ಣ, ಇಷ್ಟೆಲ್ಲ ಗೊತ್ತಿದ್ದೂ ಅವನನ್ನ ನನ್ನ ಹತ್ರ ಯಾಕೆ ಕರ್ಕೊಂಡು ಬಂದೆ?"

ಅಣ್ಣ ಹಾಳೆಯನ್ನು ಅವಳ ಕಡೆಗೆ ಸರಿಸಿದ.

"ನನ್ನ ಯೋಚನೆ ಅಲ್ಲ ಪುಟ್ಟಿ. ಅವನೇ ಕೇಳಿದ. ಬೇರೆ ವಕೀಲರಾದ್ರೆ ಆ ಹಾಳೆ ಹುಡುಕಿ ಕೋರ್ಟಿಗೆ ಇಟ್ಟೇ ಇಡ್ತಾರೆ, ನೀನು ಸಿಕ್ಕಿದ್ರೆ ಸಹಿ ಹಾಕಿಸಿದವನು ನಾನು ಅಂತಲೂ ಹೊರಬೀಳುತ್ತೆ, ನಿನ್ನ ತಂಗಿ ಆದ್ರೆ ಸಿಕ್ಕಿದ ದಿನ ಮುಚ್ಚಿಡ್ತಾಳೆ ಅಂದ."

ಅವನು ತಲೆ ಎತ್ತಿ ಅವಳ ಮುಖ ನೋಡಿದ.

"ಮುಚ್ಚಿಡ್ತೀಯಾ?"